ಸದ್ದಿನಲ್ಲೇ ಹೆಲಿಕಾಪ್ಟರ್ ಕಂಡವರು

ಬೇಲೆಕೇರಿಯ ದಂಡೆಯಲ್ಲಿ ಹರಿದ ಬಲೆ ಹೆಣೆಯುತ್ತ ಕೂತಿರುತ್ತಿದ್ದ ನಮ್ಮ ಕೇರಿಯ ಹಿರಿಯರೊಬ್ಬರಿಗೆ ಆಕಾಶದ್ದೇ ಹುಚ್ಚು. ಕಾರವಾರದ ಕಡೆಯಿಂದ ಹೆಲಿಕಾಪ್ಟರ್ ಸದ್ದು ಕೇಳಿದರೆ ಸಾಕು, ಕೈಯೆತ್ತಿ ನಮ್ಮೆಲ್ಲರ ಬಾಯಿ ಮುಚ್ಚಿಸುತ್ತಿದ್ದರು. "ಸುಮ್ನಿರಿ, ಕೇಳಿ! ಇದು ದೊಡ್ಡದು." ಪ್ರವಾಸಿಗರ ಡ್ರೋನ್ ಅವರ ಪಾಲಿಗೆ ಬರೀ ನೊಣ. ಬಹಳ ಎತ್ತರದಲ್ಲಿ ಬಿಳಿ ಗೆರೆ ಎಳೆದು ಹೋಗುವ ವಿಮಾನ ಕಂಡರೆ, "ಇವ್ರ ಊಟ ನಮ್ಮ ತಲೆ ಮೇಲೆ, ಕೈ ತೊಳೆಯೂದು ದುಬೈಲಿ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ, ದೋಣಿಗೆ ನೀರು ನುಗ್ಗುತ್ತಿದೆ ಎಂದು ಕಡಲಿನಿಂದ ಫೋನ್ ಮಾಡಿದ ಅವರ ತಂಗಿಯ ಗಂಡ ಆಮೇಲೆ ಮಾತಿಗೆ ಸಿಗಲೇ ಇಲ್ಲ. ನಾವೆಲ್ಲ ದಂಡೆಗೆ ಓಡಿದೆವು. ಮೋಡ ಕವಿದು ಕಡಲೇ ಕಾಣುತ್ತಿರಲಿಲ್ಲ. ಹುಡುಕಲು ಬಂದ ಹೆಲಿಕಾಪ್ಟರಿನ ಸದ್ದು ಮಾತ್ರ ಕೇಳುತ್ತಿತ್ತು. ಅಳುತ್ತಿದ್ದ ತಂಗಿಯ ಕೈ ಹಿಡಿದು ಅವರು ಆಲಿಸಿದರು.

"ಸುತ್ತು ಹಾಕ್ತಾ ಅದೆ... ಇನ್ನೂ ಸುತ್ತು..."

ತಟ್ಟನೆ ಕುಣಿದೇಬಿಟ್ಟರು.

"ನಿಂತ್ಬಿಡ್ತು! ಒಂದೇ ಕಡೆ ನಿಂತದೆ! ಅಳಬೇಡ್ವೇ ತಂಗಿ, ಬರೀ ನೀರ ಮೇಲೆ ಅದು ಹಾಂಗೆ ನಿಲ್ಲೂದಿಲ್ಲ. ಹಗ್ಗ ಬಿಡ್ತಾ ಇದಾರೆ!"

ಹೌದು, ಬಿಟ್ಟಿದ್ದರು. ಸಂಜೆ ತಂಗಿಯ ಗಂಡ ಕಂಬಳಿ ಹೊದ್ದು ಮನೆಗೆ ಬಂದ. ಅವನು ಗಂಜಿ ಬಾಯಿಗಿಡುವ ಮೊದಲೇ ಇವರು ಎದುರು ಕೂತರು.

"ಒಳಗೆ ಹ್ಯಾಂಗಿತ್ತಾ? ಮೇಲಿಂದ ನಮ್ಮೂರು ಕಂಡಿತ್ತಾ?"

"ಹೆದರಿ ನಾ ಕಣ್ಣೇ ಬಿಡಲಿಲ್ಲ, ಭಾವ."

ಇವರು ಹಣೆ ಚಚ್ಚಿಕೊಂಡರು. "ಹೋಗಿ ಹೋಗಿ ನಿನ್ನ ಹತ್ತಿಸಿದ್ರಲ್ಲೋ ಮಾರಾಯಾ!" ಎಂದು ಬೈಯುತ್ತಲೇ ಅವನನ್ನು ಬಾಚಿ ತಬ್ಬಿಕೊಂಡರು.