ಅತ್ತಿಗೆಯ ಪಾಪನಿವೇದನೆ

ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಹಾಗೆ ಕರೆಯುವ ಹಕ್ಕು ನಿಜವಾಗಿ ಇದ್ದದ್ದು ಒಬ್ಬಳಿಗೆ, ಅವಳ ಗಂಡನ ತಂಗಿಗೆ. ಆ ಹುಡುಗಿಯನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವಳೂ ಅತ್ತಿಗೆಯೇ. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದು, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೇಕಾಯಿ ಅಂತ ಕೇಳಿದ್ದೆವು, ಇವರೇನು ಹಾಲು ಸಕ್ಕರೆ ಥರ ಇದ್ದಾರಲ್ಲ ಎಂದು ಇಸ್ತ್ರಿ ಮಾಡುವ ಹೆಂಗಸರು ನಗುತ್ತಿದ್ದರು.

ಅಲ್ಲಿ ಬಟ್ಟೆ ಹಿಂಡುವ ದೊಡ್ಡ ಯಂತ್ರವೊಂದಿತ್ತು. ಒಳಗಿನ ಪೀಪಾಯಿ ತಿರುಗುವುದು ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯದಂತೆ ಅದಕ್ಕೊಂದು ಚಿಲಕ. ಆಪರೇಷನ್ ಕೋಣೆಯ ಹಾಸುಗಳು ರಾಶಿ ಬಿದ್ದಾಗ ಅಷ್ಟು ಹೊತ್ತು ಕಾಯುವುದು ದೊಡ್ಡ ತಲೆನೋವು. ಒಂದು ಸಂಜೆ ನಾದಿನಿ ಹತ್ತಿರವಿಲ್ಲದಾಗ ಅತ್ತಿಗೆ ಆ ಚಿಲಕಕ್ಕೆ ತಂತಿ ಸುತ್ತಿ ಬಿಗಿದಳು. ಆಮೇಲೆ ಪೀಪಾಯಿ ತಿರುಗುತ್ತಿದ್ದರೂ ಮುಚ್ಚಳ ತೆರೆಯುತ್ತಿತ್ತು, ಕೆಲಸ ಸರಸರನೆ ಸಾಗಿತು. ನಾದಿನಿಗೆ ಇದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮುಚ್ಚಳ ಎತ್ತಿದಳು. ತೆರೆಯಿತಲ್ಲ, ಯಂತ್ರ ನಿಂತಿದೆ ಅಂದುಕೊಂಡು ಒಳಗೆ ನೋಡದೆ ಕೈ ಹಾಕಿದಳು. ಒದ್ದೆ ಹಾಸು ತೋಳಿಗೆ ಸುತ್ತಿಕೊಂಡಿತು. ಬಲಗೈಯನ್ನು ಮೊಣಕೈಯಿಂದ ಮೇಲೆ ಕತ್ತರಿಸಬೇಕಾಯಿತು, ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ.

ಮೇಲ್ವಿಚಾರಕ ಆ ತಂತಿಯನ್ನು ಹಿಡಿದು ಇದು ಯಾರ ಕೆಲಸ ಎಂದು ಕೇಳಿದಾಗ, ನಾದಿನಿಯನ್ನು ಎಳೆದು ಬಿಡಿಸಿದ್ದ ಅತ್ತಿಗೆಯ ಕೈಮೇಲಿನ ರಕ್ತ ಇನ್ನೂ ಒಣಗಿರಲಿಲ್ಲ.

"ಅವಳೇ ಸುತ್ತಿದ್ಳು ಸಾರ್. ಬೇಡ ಅಂತ ಎಷ್ಟು ಬಡ್ಕೊಂಡೆ," ಎಂದಳು.

ಯೋಚಿಸಿ ಆಡಿದ ಮಾತಲ್ಲ, ಬಾಯಿಂದ ಜಾರಿತು. ಜಾರಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಆ ಸಂಜೆಯಿತ್ತು, ನಾಳೆಯಿತ್ತು, ನಾಡಿದ್ದಿತ್ತು. ಅವಳು ತೆಗೆದುಕೊಳ್ಳಲಿಲ್ಲ.

ಆಘಾತದಲ್ಲಿ ನಾದಿನಿಗೆ ಆ ಬೆಳಗಿನದಾಗಲಿ ಹಿಂದಿನ ದಿನದ್ದಾಗಲಿ ನೆನಪೇ ಉಳಿದಿರಲಿಲ್ಲ. ಎಲ್ಲರೂ ಹೇಳುತ್ತಾರೆಂದು, ತಂತಿ ಸುತ್ತಿದವಳು ತಾನೇ ಎಂದು ನಂಬಿದಳು. ಕೆಲಸ ಹೋಯಿತು. ಗೊತ್ತಾಗಿದ್ದ ಮದುವೆ ಮುರಿದುಬಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಣ್ಣ, ಅತ್ತಿಗೆಯ ಗಂಡ, ಸಿಟ್ಟು ನೆತ್ತಿಗೇರಿದಾಗ ಕೈಯಾರೆ ಮಾಡಿಕೊಂಡೆಯಲ್ಲ ಎಂದುಬಿಡುತ್ತಿದ್ದ. ಅಂದ ಮಾತು ತನಗೇ ಚುಚ್ಚಿ ಎದ್ದು ಹೊರಗೆ ಹೋಗುತ್ತಿದ್ದ.

ಅತ್ತಿಗೆ ಅವಳಿಗೆ ಸ್ನಾನ ಮಾಡಿಸಿದಳು, ತಲೆ ಬಾಚಿದಳು, ಗುಂಡಿ ಹಾಕಿದಳು. ಹೆತ್ತ ತಾಯಿಯೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ನೆರೆಹೊರೆಯವರು ಹೊಗಳಿದರು. ಆ ಹೊಗಳಿಕೆಯನ್ನು ಅತ್ತಿಗೆ ಬೇಡವೆನ್ನಲಿಲ್ಲ.

ತಿಂಗಳಿಗೊಮ್ಮೆ ತಪ್ಪದೆ ಚರ್ಚಿಗೆ, ಗುರುಗಳ ಮುಂದೆ ಪಾಪಗಳನ್ನು ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋಗುತ್ತಿದ್ದಳು. ಸಿಟ್ಟು ಮಾಡಿಕೊಂಡೆ, ಪ್ರಾರ್ಥನೆ ಬಿಟ್ಟೆ, ಸುಳ್ಳು ಹೇಳಿದೆ, ಪಕ್ಕದ ಮನೆಯವರ ಮೇಲೆ ಹೊಟ್ಟೆಕಿಚ್ಚುಪಟ್ಟೆ ಎಂದು ಒಂದೇ ಉಸಿರಿಗೆ ಒದರಿ ಬರುತ್ತಿದ್ದಳು. ದೊಡ್ಡ ಪಾಪವನ್ನು ಬೇಕೆಂದೇ ಬಚ್ಚಿಟ್ಟರೆ ಆ ಪಾಪನಿವೇದನೆಯೇ ಸಲ್ಲದು ಎಂದು ಚಿಕ್ಕಂದಿನಲ್ಲೇ ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದಳು. ಆದರೆ ಬಚ್ಚಿಡಲಿಲ್ಲವಲ್ಲ, ಸುಳ್ಳು ಅಂತ ಹೇಳಿದೆನಲ್ಲ ಎಂದು ತನಗೆ ತಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತಿದ್ದಳು. ಹೀಗೇ ವರ್ಷಗಳು ಉರುಳಿದವು.

ಆಮೇಲೆ ವಯಸ್ಸಾದ ಹೊಸ ಗುರುಗಳು ಬಂದರು. ಅವರಿಗೆ ಕಿವಿ ಮಂದ. ಪಾಪನಿವೇದನೆಯ ಗೂಡಿನಲ್ಲಿ ಜಾಲರಿಯ ಆಚೆಯಿಂದ, "ಯಾವ ಸುಳ್ಳು, ತಾಯಿ?" ಎಂದರು. ಸರಿಯಾಗಿ ಕೇಳಿಸದೆ ಹಾಗೆಂದರೋ ಏನೋ. ಇಷ್ಟು ಕಾಲ ಯಾರೂ ಕೇಳಿರಲಿಲ್ಲ. ಅತ್ತಿಗೆ ಹೇಳಿಬಿಟ್ಟಳು. ಪಿಸುಮಾತು ಅವರಿಗೆ ಮುಟ್ಟದೆ, ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು.

ಅವರು ಜಾಲರಿಯ ಹತ್ತಿರಕ್ಕೆ ಬಾಗಿದರು. "ದೇವರು ಕ್ಷಮಿಸ್ತಾನೆ, ಅದರಲ್ಲಿ ಅನುಮಾನ ಬೇಡ. ಆದ್ರೆ ಆ ಹುಡುಗಿ ತಲೆ ಮೇಲೆ ನೀನು ಹೊರಿಸಿದ್ದನ್ನ ನೀನೇ ಇಳಿಸ್ಬೇಕು. ಇಳಿಸ್ತೀಯಾ?"

ಅತ್ತಿಗೆ ಹೂಂ ಎಂದಳು. ಗುರುಗಳು ಪಾಪಕ್ಷಮೆಯ ಮಾತುಗಳನ್ನು ಹೇಳಿ ಶಿಲುಬೆಯ ಗುರುತು ಮಾಡಿದರು.

ಭಾನುವಾರ ಊಟವಾದ ಮೇಲೆ, ಗಂಡನೂ ಕೂತಿದ್ದಾಗ, ಅಡುಗೆಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಗಂಡ ತಟ್ಟೆ ಸರಿಸಿ ಎದ್ದುಹೋದ. ನಾದಿನಿ ಎಡಗೈಯಿಂದ ಅವನ ತಟ್ಟೆಯನ್ನು ಎತ್ತಿಟ್ಟಳು.

"ಇದನ್ನ ನಾನು ಪಾಪನಿವೇದನೆಯಲ್ಲಿ ಹೇಳಿದೀನಿ," ಎಂದಳು. "ನನ್ನ ಕೈ ನಾನೇ ಕಳ್ಕೊಂಡು ನಿಮಗೆಲ್ಲ ಹೊರೆಯಾದೆ ಅಂತ. ಅತ್ತು ಅತ್ತು ಕ್ಷಮೆ ಕೇಳಿದೀನಿ."

ಅತ್ತಿಗೆ ಆಸ್ಪತ್ರೆಗೂ ಹೋಗಿ ಹೇಳಿದಳು. ಅವಳನ್ನು ಕೆಲಸದಿಂದ ತೆಗೆದರು, ನಾದಿನಿಯ ಮೇಲಿದ್ದ ಅಪವಾದವನ್ನೂ ತೆಗೆದರು. ಕೈ ಬರಲಿಲ್ಲ, ಮದುವೆಯೂ ಬರಲಿಲ್ಲ. ನಾದಿನಿ ಮನೆ ಬಿಟ್ಟು ಕನ್ಯಾಮಠದ ಹಾಸ್ಟೆಲ್ ಸೇರಿದಳು. ಅಲ್ಲಿ ಟೆಲಿಫೋನ್ ಎತ್ತುವ ಕೆಲಸ. ಅತ್ತಿಗೆಯ ಗಂಡ ಅವಳು ಬಡಿಸಿದ್ದನ್ನು ಉಣ್ಣುತ್ತಿದ್ದ, ಮಾತು ಮಾತ್ರ ಬಿಟ್ಟಿದ್ದ.

ಭಾನುವಾರದ ಬಲಿಪೂಜೆಗೆ ನಾದಿನಿ ಚರ್ಚಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲರೂ ಪ್ರಾರ್ಥಿಸುವಾಗ, ತಪ್ಪು ಮಾಡಿದವರನ್ನು ನಾವು ಕ್ಷಮಿಸುವಂತೆ ನಮ್ಮನ್ನೂ ಕ್ಷಮಿಸು ಎಂಬ ಮಾತು ಬಂದಾಗ ಬಾಯಿ ಮುಚ್ಚುತ್ತಿದ್ದಳು. ಆ ಮಾತು ಆಡಲಾಗದ ಮೇಲೆ ಪರಮಪ್ರಸಾದ ಹೇಗೆ ತಗೊಳ್ಳಲಿ ಎಂದು ಕನ್ಯಾಮಠದ ಸಿಸ್ಟರ್ ಒಬ್ಬರ ಬಳಿ ಹೇಳಿದ್ದಳಂತೆ. ಎಲ್ಲರೂ ಅದನ್ನು ಗುರುಗಳ ಕೈಯಿಂದ ತೆಗೆದುಕೊಳ್ಳಲು ಸಾಲಿನಲ್ಲಿ ಮುಂದೆ ಹೋಗುವಾಗ ಅವಳೊಬ್ಬಳೇ ಕೂತಿರುತ್ತಿದ್ದಳು. ಸಾಲಿನಲ್ಲಿ ಅತ್ತಿಗೆಯೂ ಇರುತ್ತಿದ್ದಳು.

ಅತ್ತಿಗೆ ತಡೆಯಲಾರದೆ ಗುರುಗಳ ಹತ್ತಿರ ಹೋದಳು. "ಪಾಪ ಮಾಡಿದ ನಾನು ಹೋಗಿ ತಗೋತೀನಿ, ಏನೂ ಮಾಡದ ಅವಳು ಕೂತಿರ್ತಾಳೆ. ಇದ್ಯಾವ ನ್ಯಾಯ, ಫಾದರ್?"

"ನಿನಗೆ ಸಿಕ್ಕಿದ್ದು ನ್ಯಾಯ ಅಂದ್ಕೊಂಡಿದ್ಯಾ, ತಾಯಿ?" ಎಂದರು ಅವರು. ಕ್ಷಮಿಸು ಎಂದು ಅವಳ ಬೆನ್ನು ಹತ್ತಬೇಡ, ಅದು ನೀನು ಕೇಳಿ ಪಡೆಯುವಂಥದ್ದಲ್ಲ ಎಂದೂ ಹೇಳಿದರು. ತಾನೂ ಸಾಲು ಬಿಟ್ಟು ಕೂರುತ್ತೇನೆ ಎಂದು ಅತ್ತಿಗೆ ಹಟ ಹಿಡಿದಾಗ, ದೇವರು ದಯೆಯಿಂದ ಕೊಟ್ಟಿದ್ದನ್ನು ಬೇಡವೆನ್ನುವುದೂ ಅಹಂಕಾರವೇ ಎಂದು ಗದರಿಸಿ ಕಳಿಸಿದರು.

ಅವಳು ಅಲ್ಲಿಂದ ಮುಂದೆ ಬೆನ್ನು ಹತ್ತಲಿಲ್ಲ. ಬಟ್ಟೆ ಅಂಗಡಿಯೊಂದರಲ್ಲಿ ನೆಲ ಒರೆಸುವ ಕೆಲಸ ಹಿಡಿದಳು. ಕೂದಲು ಬೆಳ್ಳಗಾಯಿತು. ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಾದಿನಿ ತಾನಾಗಿ ಎದುರಿಗೆ ಬಂದು ನಿಂತಳು.

"ಕ್ಷಮಿಸಿದೀನಿ ಅನ್ನೋಕೆ ಇನ್ನೂ ಬಾಯಿ ಬರಲ್ಲ. ನಿಮಗೆ ಕೆಟ್ಟದ್ದಾಗ್ಲಿ ಅಂತ ಬೇಡ್ಕೊಳ್ಳೋದು ಮಾತ್ರ ಬಿಟ್ಟಿದೀನಿ."

ಅಷ್ಟು ಹೇಳಿ ಮೆಟ್ಟಿಲಿಳಿದು ಹೊರಟುಹೋದಳು. ಅತ್ತಿಗೆ ಮೆಟ್ಟಿಲ ನಡುವೆಯೇ ನಿಂತಳು. ಹಿಂದಿನಿಂದ ಬರುತ್ತಿದ್ದ ಜನ, ದಾರಿ ಬಿಡಮ್ಮ ಎನ್ನುತ್ತ ಅವಳನ್ನು ಬಳಸಿಕೊಂಡು ಇಳಿದರು.