ಎಡಕ್ಕೆ ಕೂತ ಪರೀಕ್ಷಕ

ಎಣ್ಣೆಯಲ್ಲಿ ಬೆಳ್ಳುಳ್ಳಿ ಕಾಯುವ ವಾಸನೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ಸಿಟ್ಟು ಬರುತ್ತದೆ. ಇವತ್ತು ಬೆಳಿಗ್ಗೆ ಹಾಸ್ಟೆಲಿನ ಅಡುಗೆಮನೆಯಿಂದ ಬಂದ ಆ ವಾಸನೆ ಎಂಬತ್ತೆರಡನೇ ಇಸವಿಯ ಗುಡಗೇರಿ ಹಳ್ಳಿಯನ್ನು ಎಳೆದು ತಂದಿತು.

ಆಗ ನಾನು ಎಂ.ಎ. ಮನಶ್ಶಾಸ್ತ್ರದ ವಿದ್ಯಾರ್ಥಿ, ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಟ್ರಂಕಿನಲ್ಲಿ ತುಂಬಿಟ್ಟುಕೊಂಡವನು. ದೇವರಿಂದ ಹಿಡಿದು ಮೆಸ್ಸಿನ ಸಾರಿನವರೆಗೆ ಎಲ್ಲವನ್ನೂ ಸಂಶಯಿಸುತ್ತಿದ್ದೆ, ಕೈಯಲ್ಲಿದ್ದ ಅಚ್ಚಿನ ಫಾರ್ಮೊಂದನ್ನು ಬಿಟ್ಟು. ಮಕ್ಕಳ ಬುದ್ಧಿಯ ಬೆಳವಣಿಗೆ ಅಳೆಯುವುದನ್ನು ಕಲಿಸಲು ಪ್ರಾಧ್ಯಾಪಕರು ನಮ್ಮನ್ನು ಹಳ್ಳಿಗಳಿಗೆ ಕರೆದೊಯ್ಯುತ್ತಿದ್ದರು. 'ಜನರ ಸಹಭಾಗಿತ್ವ' ಎಂಬ ಮಾತು ಅವರ ಬಾಯಲ್ಲಿ ಎಲೆಯಡಿಕೆಯ ಹಾಗೆ ಸದಾ ಇರುತ್ತಿತ್ತು. ಸಹಭಾಗಿತ್ವವೆಂದರೆ ಜನ ಚಾಪೆ ಹಾಸುವುದು, ಚಹಾ ಕೊಡುವುದು, ಸುಮ್ಮನಿರುವುದು.

ಕೂಲಿ ಮಾಡುತ್ತಿದ್ದ ಫಕ್ಕೀರವ್ವ ಸುಮ್ಮನಿರಲಿಲ್ಲ. ಆರು ವರ್ಷದ ಮಗಳು ಗಂಗಿಯನ್ನು ಕೂರಿಸಿ, "ಎಡಗಿವಿ ಸೋರತೈತ್ರೀ, ಬೆಳ್ಳುಳ್ಳಿ ಎಣ್ಣಿ ಬಿಟ್ಟೀನಿ, ಆ ಕಡೆ ಕೇಳಂಗಿಲ್ಲ. ಬಲಕ್ಕ ಕುಂದರ್ರಿ," ಎಂದಳು.

ಬಲಕ್ಕೆ ಬಿಸಿಲಿತ್ತು. ನಾನು ಎಡಕ್ಕೇ ಕೂತೆ. "ನಡುವ ಮಾತಾಡಬ್ಯಾಡವಾ, ನಿಯಮ ಐತಿ," ಎಂದೆ. ಕೆಂಪು ಕಟ್ಟಿಗೆಯ ತುಂಡು ಕೊಡು ಎಂದರೆ ಗಂಗಿ ನನ್ನ ಮುಖ ನೋಡಿ ನಕ್ಕಳು. ಹನ್ನೆರಡು ಪ್ರಶ್ನೆ, ಹನ್ನೆರಡು ನಗು. 'ಮಂದಬುದ್ಧಿ' ಎಂದು ಬರೆದೆ. ಅಕ್ಷರ ದುಂಡಗಿದೆ ಎಂದು ಪ್ರಾಧ್ಯಾಪಕರು ಹೊಗಳಿದರು! ಒಂದು ಪ್ರತಿ ಶಾಲೆಗೆ ಹೋಯಿತು. ಹೆಡ್‌ಮಾಸ್ತರರು ಅದನ್ನೇ ತೋರಿಸಿ ಗಂಗಿಯ ಹೆಸರು ಹಚ್ಚಿಕೊಳ್ಳಲಿಲ್ಲ, ಶಾಲೆಗೆ ಸೇರಿಸಲಿಲ್ಲ.

ಮುಂದಿನ ತಿಂಗಳು ಫಕ್ಕೀರವ್ವ ನನ್ನನ್ನು ಊರಿನ ರೈಲು ಸ್ಟೇಶನ್ನಿನಲ್ಲೇ ಹಿಡಿದಳು. "ಏನ್ ಬರದೀಯೋ ತಮ್ಮಾ? ಅಕಿ ಕಿವಿ ಸೋರತಿತ್ತು. ನಿನ್ನ ಕಿವಿಗೇನ ಬಡದಿತ್ತು?"

ನಾನು ನೇರ ಪ್ರಾಧ್ಯಾಪಕರ ಬಳಿ ಹೋದೆ. ತಿದ್ದೋಣ ಎಂದರೆ ಅವರು, "ತಾಯಿಯ ಮಾತಿಗೆ ಫಾರ್ಮಿನಲ್ಲಿ ಜಾಗವಿಲ್ಲ. ನೀನು ಪ್ರಬಂಧ ಮುಗಿಸು," ಎಂದರು. ಮುಗಿಸಿದೆ. ನಾಚಿಕೆಯಿಲ್ಲದೆ ಪಾಸೂ ಆದೆ.

ನಾಲ್ಕು ವರ್ಷವಾಯಿತು, ಈಗ ಹೊಸಬರಿಗೆ ಅದೇ ಫಾರ್ಮು ತುಂಬಲು ಕಲಿಸುವವನು ನಾನೇ. ನೀನೇ ಬಂದು ಇವರಿಗೊಂದು ಪಾಠ ಹೇಳು ಎಂದು ಕೇಳಲು ಹೋದ ವಾರ ಫಕ್ಕೀರವ್ವನ ಮನೆಗೆ ಹೋಗಿದ್ದೆ. ಹತ್ತು ವರ್ಷದ ಗಂಗಿ, ಇನ್ನೂ ಶಾಲೆಯ ಮೆಟ್ಟಿಲು ಹತ್ತದವಳು, ಜೋಳ ಹಸನು ಮಾಡುತ್ತಿದ್ದಳು.

"ಅವತ್ತ ಬರದಿದ್ದನ್ನ ಹೊಡದ ಹಾಕೀಯೇನು?" ಫಕ್ಕೀರವ್ವ ಕೇಳಿದಳು.

"ಇಲ್ಲವಾ."

"ಹಂಗಾರ ಮೊದಲ ಅದನ್ನ ಮಾಡು. ಆಮ್ಯಾಲೆ ಕರೀಯಾಕ ಬಾ."

ಇವತ್ತು ಹಳೆಯ ಫಾರ್ಮುಗಳಿದ್ದ ಕಪಾಟಿನ ಬೀಗ ತೆಗೆಸಿದೆ. ವಿದ್ಯಾರ್ಥಿಗಳ ಎದುರೇ ನನ್ನ ದುಂಡು ಅಕ್ಷರದ ಮೇಲೆ ಗೆರೆ ಎಳೆದು, 'ಪರೀಕ್ಷಕ ಎಡಕ್ಕೆ ಕೂತಿದ್ದ' ಎಂದು ಬರೆದು ಸಹಿ ಮಾಡಿದೆ.

"ಹಿಂಗ ತಿದ್ದಾಕ ನಿಯಮ ಐತೇನ್ರಿ ಸರ?" ಒಬ್ಬ ಕೇಳಿದ.

"ಇಲ್ಲ," ಎಂದೆ. "ಚಪ್ಪಲಿ ಮೆಟ್ಟಿಕೊಳ್ರಿ. ಸಾಲಿಗೆ ಗಂಗಿ ಹೆಸರ ಹಚ್ಚಿ ಬರೂಣು."