ಗೊರಕೆ ನಿಂತ ಎಂಟು ತಿಂಗಳು

ಮಾಣಿಕರಾವ್ ಕೆಲಸಕ್ಕೆ ಕೂತರೆ ಎಡಗೈಯನ್ನು ಪ್ಯಾಂಟಿನ ಜೇಬಿನಿಂದ ಹೊರಗೆ ತೆಗೆಯುತ್ತಿರಲಿಲ್ಲ. ಗಾಜಿನ ವಾಲ್ವ್‌ಗಳ ಹಳೆಯ ರೇಡಿಯೋ ಸೆಟ್ಟಿಗೆ ಕರೆಂಟು ಕೊಟ್ಟು, ತೆರೆದ ಪೆಟ್ಟಿಗೆಯೊಳಗೆ ಬಲಗೈ ಒಂದನ್ನೇ ಇಳಿಸುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಅದು ಬ್ಯಾಡ್ ಮ್ಯಾನರ್ಸ್ ಅನ್ನಿಸಿತು. ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳಾಗಿದ್ದರೆ ಕ್ಲಾಸಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ಕೇಳಿಯೇಬಿಟ್ಟೆ.

"ಎರಡೂ ಕೈ ಒಳಗ ಹಾಕಿದ್ರ ಕರೆಂಟು ಒಂದರಾಗ ಹೊಕ್ಕು ಇನ್ನೊಂದರಾಗ ಹೊಂಡತೈತ್ರಿ ಅಕ್ಕಾರ. ನಡುವ ಎದಿ ಐತಿ," ಎಂದರು.

ಬೀದರ ಕಡೆಯವರು. ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳನ್ನು ರಿಪೇರಿ ಮಾಡಿ ರಿಟೈರ್ ಆಗಿದ್ದರು. ಹೊರಗೆ ತೆಲುಗು, ಹಿಂದಿ. ನನ್ನ ಮನೆಗೆ ಬಂದರೆ ಬಾಯಿ ತುಂಬ ಕನ್ನಡ. ನನ್ನ ತಾಯಿಯ ಹಳೆಯ ರೆಕಾರ್ಡುಗಳನ್ನು ಕೇಳಲೆಂದು ಒಂದು ಫೋನೋ ಪ್ರಿಆಂಪನ್ನು ಕೈಯಾರೆ ಕಟ್ಟಿಕೊಟ್ಟರು. ರೆಕಾರ್ಡಿನ ಸಣ್ಣ ದನಿಯನ್ನು ಹಿಗ್ಗಿಸಿ ಆಂಪ್ಲಿಫೈಯರಿಗೆ ಕಳಿಸುವ, ಎರಡು ವಾಲ್ವ್‌ಗಳ ಅಲ್ಯೂಮಿನಿಯಂ ಪೆಟ್ಟಿಗೆ. ಸೌಂಡ್ ಏನೋ ಡಿವೈನ್. ಆದರೆ ಹಾಡಿನ ಕೆಳಗೆ ಸದಾ ಗುಂಯ್ ಎನ್ನುವ ಒಂದು ಹಮ್. ಅದನ್ನವರು ಕರೆಂಟಿನ ಗೊರಕೆ ಎನ್ನುತ್ತಿದ್ದರು.

ಗೊರಕೆ ಹಿಡಿಯಲು ಮೂರು ಭಾನುವಾರ ಕೂತರು. ವೈರುಗಳನ್ನು ಜಡೆಯಂತೆ ಹೆಣೆದರು. ಟ್ರಾನ್ಸ್‌ಫಾರ್ಮರನ್ನು ತಿರುಗಿಸಿ ಕೂರಿಸಿದರು. ಸ್ವೆಟರ್ ಹೆಣೆಯುವ ನನ್ನ ಮರದ ಕಡ್ಡಿಯಿಂದ ಒಂದೊಂದೇ ವೈರನ್ನು ಒತ್ತಿ, ಕಣ್ಣು ಮುಚ್ಚಿ ಕೇಳಿದರು.

"ಕಳ್ಳ ಸಿಗವಲ್ಲ. ನಿಮ್ಮ ಮನಿ ಚಹಾದ ರುಚಿ ಹತ್ತೈತಿ ಅವಗ."

ನಾಲ್ಕನೆಯ ವಾರ ಮೊಣಕಾಲು ನೋವೆಂದು ಬರಲಿಲ್ಲ. ಫೋನಿನಲ್ಲಿ ಹೇಳಿದರು: "ಪ್ರಿಆಂಪಿನ ಪ್ಲಗ್ಗಿನ್ಯಾಗ ಅರ್ತ್ ವೈರ್ ಬಿಚ್ಚಿ ನೋಡ್ರಿ. ಗೊರಕಿ ನಿಂತರ ಕಾರಣ ಅಲ್ಲೇ ಐತಿ."

ನಾನೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಿದೆ. ಗೊರಕೆ ನಿಂತೇಹೋಯಿತು. ಫೋನ್ ಮಾಡಿ, "ಮಾಣಿಕರಾವ್, ಯೂ ಆರ್ ಎ ಜೀನಿಯಸ್" ಎಂದೆ. ಅದು ಬರೀ ಪರೀಕ್ಷೆ, ವೈರನ್ನು ಮತ್ತೆ ಜೋಡಿಸಬೇಕು ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಎಂಟು ತಿಂಗಳ ಮೇಲೆ ವಾಲ್ವ್ ಬದಲಿಸಲು ಬಂದರು. ಆಂಪ್ಲಿಫೈಯರಿಗೆ ಹೋಗುವ ಕೇಬಲ್ ಕಿತ್ತು, ಪೆಟ್ಟಿಗೆಗೆ ಟೆಸ್ಟರ್ ತಾಗಿಸಿದರು. ದೀಪ ಹತ್ತಿತು. ಮೀಟರ್ ಇಟ್ಟು ನೋಡಿದರು. ಟ್ರಾನ್ಸ್‌ಫಾರ್ಮರ್ ಒಳಗೆ ಹಾಳಾಗಿ, ಮನೆಯ ಕರೆಂಟು ಪೆಟ್ಟಿಗೆಯ ಮೈಗೆ ಸೋರುತ್ತಿತ್ತು. ಸೋರಿದ್ದನ್ನು ನೆಲಕ್ಕೆ ಒಯ್ಯಬೇಕಾದ ಅರ್ತ್ ವೈರ್ ಪ್ಲಗ್ಗಿನಲ್ಲಿ ಬಿಚ್ಚಿಯೇ ಇತ್ತು.

"ಅಕ್ಕಾರ, ಅರ್ತ್ ತಿರಗಿ ಹಾಕಲಿಲ್ಲೇನ್ರಿ?"

"ನೀವೇ ಬಿಚ್ಚಿ ಅಂದ್ರಲ್ಲ."

"ಬಿಚ್ಚಿ ನೋಡ್ರಿ ಅಂದಿದ್ದೆ..." ಎಂದವರು ಕಿತ್ತಿಟ್ಟ ಕೇಬಲ್ಲನ್ನು ಎತ್ತಿ ತೋರಿಸಿದರು. "ಇಷ್ಟ ದಿನ ಆಂಪ್ಲಿಫೈಯರಿನ ಅರ್ತಿಗೆ ಕೂಡಿದ್ದ ಈ ಕೇಬಲ್ಲಿನ ತೆಳ್ಳನ ವೈರ್ ಒಂದ ನಿಮ್ಮನ್ನ ಕಾದೈತಿ. ಧೂಳ ಒರಸೂವಾಗ ಇದನ್ನ ಕೀಳ್ತೀರೇನು?"

"ಪ್ರತಿ ಶನಿವಾರ. ಒದ್ದೆ ಬಟ್ಟೆಯಿಂದ ಒರಸ್ತೀನಿ."

"ಸ್ವಿಚ್ ಬಂದ್ ಮಾಡಿ?"

ವಾಲ್ವ್ ಬಿಸಿಯಾಗಲು ಹೊತ್ತು ಹಿಡಿಯುತ್ತದೆಂದು ನಾನು ಸ್ವಿಚ್ ಮುಟ್ಟುತ್ತಲೇ ಇರಲಿಲ್ಲ. ಇತ್ತೀಚೆಗೆ ಒರೆಸುವಾಗ ಬೆರಳು ಜುಮ್ಮೆನ್ನುತ್ತಿತ್ತು. ವಯಸ್ಸೆಂದುಕೊಂಡು ವಿಟಮಿನ್ ಮಾತ್ರೆ ನುಂಗುತ್ತಿದ್ದೆ. ಅದನ್ನೂ ಹೇಳಿದೆ. ಅವರ ಮುಖ ಬಿಳಿಚಿತು. ನನ್ನ ಕಾಲಿನತ್ತ ನೋಡಿದರು. ಹಿಮ್ಮಡಿ ನೋವಿಗೆಂದು ಡಾಕ್ಟರ್ ಬರೆದುಕೊಟ್ಟ ದಪ್ಪ ರಬ್ಬರ್ ಚಪ್ಪಲಿ.

"ಇವು ಉಳಿಸ್ಯಾವ್ರಿ ನಿಮ್ಮನ್ನ. ನಾ ಕೊಂದಬಿಟ್ಟಿದ್ದೆ," ಎಂದು ನೆಲದ ಮೇಲೆ ಕೂತುಬಿಟ್ಟರು.

ಹೊಸ ಟ್ರಾನ್ಸ್‌ಫಾರ್ಮರ್ ಕೂರಿಸಿ, ಅರ್ತ್ ಜೋಡಿಸಿ, ಮೂರು ಸಲ ಪರೀಕ್ಷಿಸಿ ಹೋದರು. ಚಹಾ ಮುಟ್ಟಲಿಲ್ಲ. ಮರುದಿನದಿಂದ ಆ ಮೊಣಕಾಲು ಹೊತ್ತುಕೊಂಡು ಬಸ್ಸಿನಲ್ಲಿ ಮನೆಮನೆಗೆ ಅಲೆದರು. ಅರ್ತ್ ಬಿಚ್ಚಿ ನೋಡಿ ಎಂಬ ಅದೇ ಮಾತನ್ನು ಅವರು ಫೋನಿನಲ್ಲಿ ಬೇರೆಯವರಿಗೂ ಹೇಳಿದ್ದರಂತೆ. ಜೀಡಿಮೆಟ್ಲಾದಲ್ಲಿ ಒಬ್ಬರು, ಕೊಂಡಾಪುರದಲ್ಲಿ ಇಬ್ಬರು. ಇಬ್ಬರಲ್ಲಿ ಒಬ್ಬರು ನನ್ನಂತೆಯೇ ಬಿಚ್ಚಿ ಹಾಗೇ ಬಿಟ್ಟಿದ್ದರು.

ಕೊನೆಯ ಸಲ ನನ್ನ ಮನೆಗೆ ಬಂದಾಗ ಸೊರಗಿಹೋಗಿದ್ದರು.

"ಇನ್ನೊಬ್ಬಾಂವ ಸಿಗದ ಉಳದಾನ್ರಿ ಅಕ್ಕಾರ. ಯಾರೋ ಹೇಳಿದ್ರಂತ ಫೋನ್ ಮಾಡಿದ್ದ, ಅವಗೂ ಅದೇ ಮಾತು ಹೇಳಿದ್ದೆ. ಹೆಸರು ಕೇಳಲಿಲ್ಲ ನಾ. ಹಳೀ ಫೋನ್ ಕೆಟ್ಟು ನಂಬರೂ ಹೋತು. ತೆಲುಗಿನ್ಯಾಗ ಮಾತಾಡಿದ. ಹಿಂದ ಒಂದು ಕೂಸು ನಗಾಕತ್ತಿತ್ತು."

ರೇಡಿಯೋ ರಿಪೇರಿಯ ಎಲ್ಲ ಅಂಗಡಿಗಳಲ್ಲೂ ವಿಚಾರಿಸಿದ್ದರು. ಆ ಬೇಸಿಗೆಯಲ್ಲೇ ಹಾರ್ಟ್ ಅಟ್ಯಾಕ್ ಆಗಿ ಹೋಗಿಬಿಟ್ಟರು. ಆ ಮನೆ ಸಿಕ್ಕಿರಲಿಲ್ಲ. ಎರಡು ವರ್ಷವಾಯಿತು. ಯಾರ ಮನೆಯಲ್ಲಾದರೂ ವಾಲ್ವ್ ಸೆಟ್ ಕಂಡರೆ ನಾನು ಮಾತಿಗಿಂತ ಮೊದಲು ಬಗ್ಗಿ ಅದರ ಪ್ಲಗ್ ನೋಡುತ್ತೇನೆ. ಆ ಕೂಸು ಈಗ ಓಡಾಡುವಷ್ಟು, ಕಂಡದ್ದನ್ನೆಲ್ಲ ಮುಟ್ಟುವಷ್ಟು ದೊಡ್ಡದಾಗಿರಬೇಕು.